ಕೊಬ್ಬರಿಯ ಹಿಂದಿನ ಕೆಲಸಗಾರ್ತಿ: ತೆಂಗಿನ ಸೀಮೆಯ ಜೇನುನೊಣ

(ಗ್ರಾಮ ಪಂಚಾಯಿತಿ ಅರಿವು ಕೇಂದ್ರದಲ್ಲಿ ಮಕ್ಕಳು ಹಾಗೂ ಪೋಷಕರಿಗಾಗಿ ನೀಡಲಾದ ಉಪನ್ಯಾಸದ ಪಠ್ಯ. ತಿಪಟೂರು, ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಅರಿವು ಕೇಂದ್ರ ಮತ್ತು ಶಾಲೆಗಳಲ್ಲಿ ಓದಿ ಹೇಳಲು ಬಳಸಿಕೊಳ್ಳಬಹುದು.)



ಮೊದಲಿಗೆ ಮಕ್ಕಳಿಗೊಂದು ಪ್ರಶ್ನೆ. ನಿಮ್ಮ ಮನೆಯ ಅಟ್ಟದ ಮೇಲೆ ಒಣಗುತ್ತಿರುವ ತೆಂಗಿನಕಾಯಿಯನ್ನು ಬೆಳೆದವರು ಯಾರು? ಅಜ್ಜ ಎಂದು ಕೆಲವರು ಹೇಳುವಿರಿ. ಅಪ್ಪ, ಅಮ್ಮ ಎಂದು ಕೆಲವರು. ಕಾಯಿ ಕೆಡವಿದವರು, ಸುಲಿದವರು, ಅಟ್ಟಕ್ಕೆ ಏರಿಸಿದವರು ಎಲ್ಲರ ಹೆಸರೂ ಬರುತ್ತದೆ. ಆ ಪಟ್ಟಿಯಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಒಂದು ಹೆಸರಿದೆ. ಅವಳಿಗೆ ಕೂಲಿ ಕೊಟ್ಟವರಿಲ್ಲ, ಅವಳ ಲೆಕ್ಕ ಬರೆದವರಿಲ್ಲ. ಇಂದಿನ ಮಾತು ಆ ಕೆಲಸಗಾರ್ತಿಯನ್ನು ಕುರಿತದ್ದು.

ಕಾಯಿಯ ಲೆಕ್ಕವನ್ನು ಹಿಂದಕ್ಕೆ ಎಣಿಸಿ ನೋಡೋಣ. ಉಂಡೆ ಕೊಬ್ಬರಿಯಾಗಲು ಕಾಯಿಯು ಅಟ್ಟದ ಮೇಲೆ ಹತ್ತು ಹನ್ನೆರಡು ತಿಂಗಳು ಕುಳಿತಿರಬೇಕು. ಅದಕ್ಕೂ ಮೊದಲು, ಪುಟ್ಟ ಹರಳು ಬಲಿತ ಕಾಯಿಯಾಗಲು ಮರದ ಮೇಲೆ ಹನ್ನೊಂದು ಹನ್ನೆರಡು ತಿಂಗಳು ಬೇಕು. ಎಂದರೆ ಇಂದು ತಿಪಟೂರಿನ ಮಾರುಕಟ್ಟೆಗೆ ಬಂದಿರುವ ಉಂಡೆ ಕೊಬ್ಬರಿಯ ಕತೆ ಸುಮಾರು ಎರಡು ವರ್ಷಗಳ ಹಿಂದೆ, ಒಂದು ಹೊಂಬಾಳೆಯ ಮೇಲೆ ಆರಂಭವಾಯಿತು. ಆ ದಿನ ಹೊಂಬಾಳೆಗೆ ಬಂದುಹೋದ ಜೇನುನೊಣ ಇಂದು ಬದುಕಿಲ್ಲ. ಹೂವು ಹೆಚ್ಚಾಗಿರುವ ಕಾಲದಲ್ಲಿ ಕೆಲಸಗಾರ ಜೇನಿನ ಆಯುಸ್ಸು ಸುಮಾರು ಆರು ವಾರ ಮಾತ್ರ. ತಾನು ಮಾಡಿದ ಕೆಲಸದ ಫಲವನ್ನು ಅದು ಎಂದಿಗೂ ನೋಡುವುದಿಲ್ಲ.

ಹೊಂಬಾಳೆಯೊಳಗಿನ ವ್ಯವಸ್ಥೆ

ತೆಂಗಿನ ಮರದಲ್ಲಿ ಗಂಡು ಹೂ ಮತ್ತು ಹೆಣ್ಣು ಹೂ ಒಂದೇ ಹೊಂಬಾಳೆಯಲ್ಲಿರುತ್ತವೆ. ಹೊಂಬಾಳೆ ಒಡೆದಾಗ ಅದರೊಳಗಿನ ಕಡ್ಡಿಗಳನ್ನು ಹತ್ತಿರದಿಂದ ನೋಡಿರಿ. ಕಡ್ಡಿಯ ಉದ್ದಕ್ಕೂ ಅಕ್ಕಿಕಾಳಿಗಿಂತ ತುಸು ದೊಡ್ಡದಾದ, ತಿಳಿ ಹಳದಿ ಬಣ್ಣದ ಹೂಗಳು ಸಾವಿರಾರು ಇರುತ್ತವೆ. ಅವು ಗಂಡು ಹೂಗಳು. ಕಡ್ಡಿಯ ಬುಡದಲ್ಲಿ ಗುಂಡಗೆ, ಗೋಲಿಯಂತೆ ಕುಳಿತಿರುವವು ಹೆಣ್ಣು ಹೂಗಳು. ಅವು ಒಂದು ಹೊಂಬಾಳೆಗೆ ಕೆಲವೇ ಹತ್ತುಗಳಷ್ಟು. ರೈತರು ಹರಳು ಎಂದು ಕರೆಯುವುದು ಇವನ್ನೇ.

ಈ ಸೀಮೆಯ ಹೆಸರನ್ನೇ ಹೊತ್ತಿರುವ ತಿಪಟೂರು ಟಾಲ್ ಎಂಬ ಎತ್ತರದ ತಳಿಯಲ್ಲಿ ಪ್ರಕೃತಿಯು ಒಂದು ನಿಯಮವನ್ನು ಇಟ್ಟಿದೆ. ಹೊಂಬಾಳೆ ಒಡೆದ ಕೂಡಲೇ ಗಂಡು ಹೂಗಳು ಅರಳತೊಡಗುತ್ತವೆ. ಸುಮಾರು ಮೂರು ವಾರಗಳ ಕಾಲ ದಿನವೂ ಒಂದಷ್ಟು ಅರಳಿ, ಪರಾಗವನ್ನು ಚೆಲ್ಲಿ, ಉದುರಿಹೋಗುತ್ತವೆ. ಅವುಗಳ ಸರದಿ ಮುಗಿಯುತ್ತಾ ಬಂದ ಮೇಲೆ ಹೆಣ್ಣು ಹೂಗಳು ಪರಾಗವನ್ನು ಸ್ವೀಕರಿಸಲು ಸಿದ್ಧವಾಗುತ್ತವೆ. ಒಂದೊಂದು ಹೆಣ್ಣು ಹೂವೂ ಹೀಗೆ ಸಿದ್ಧವಾಗಿರುವುದು ಒಂದರಿಂದ ಮೂರು ದಿನಗಳು ಮಾತ್ರ. ಆ ಹೊತ್ತಿಗೆ ಅದೇ ಹೊಂಬಾಳೆಯ ಗಂಡು ಹೂಗಳು ನೆಲದ ಮೇಲೆ ಬಿದ್ದಿರುತ್ತವೆ. ಆದಕಾರಣ ಪರಾಗವು ಬಹುಮಟ್ಟಿಗೆ ಬೇರೊಂದು ಮರದಿಂದ ಬರಬೇಕು. ಮರ ನಡೆಯಲಾರದು. ತಂದುಕೊಡುವವರು ಬೇಕು.

ತಂದುಕೊಡುವವರು ಇಬ್ಬರು. ಒಂದು ಗಾಳಿ. ಇನ್ನೊಂದು ಕೀಟಗಳು, ಅವುಗಳಲ್ಲಿ ಮುಖ್ಯವಾದದ್ದು ಜೇನುನೊಣ. ಗಾಳಿಯು ಪರಾಗವನ್ನು ಎಲ್ಲೆಂದರಲ್ಲಿ ಚೆಲ್ಲುತ್ತದೆ. ಜೇನುನೊಣ ಹೂವಿನಿಂದ ಹೂವಿಗೇ ಹೋಗುತ್ತದೆ. ಹೆಣ್ಣು ಹೂವಿನಲ್ಲಿ ಮಕರಂದ ಒಸರುವುದೂ ಇದೇ ಕಾರಣಕ್ಕೆ. ಗಂಡು ಹೂವಿನಲ್ಲಿ ಪರಾಗವನ್ನು ಮೈಗೆ ಮೆತ್ತಿಕೊಂಡ ಜೇನು ಸಿಹಿಯ ಆಸೆಯಿಂದ ಹೆಣ್ಣು ಹೂವಿನ ಮೇಲೆ ಕುಳಿತಾಗ ಕೆಲಸ ಮುಗಿಯುತ್ತದೆ.

ಇಲ್ಲಿ ರೈತ ಬಾಂಧವರಿಗೆ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಹರಳು ಉದುರುವುದಕ್ಕೆಲ್ಲ ಜೇನಿನ ಕೊರತೆಯೇ ಕಾರಣವೆಂದು ತಿಳಿಯಬಾರದು. ನೀರಿನ ಕೊರತೆ, ಪೊಟ್ಯಾಷ್ ಮತ್ತು ಬೋರಾನ್‌ಗಳ ಕೊರತೆ, ರೋಗ, ಕೀಟಬಾಧೆ ಇವೆಲ್ಲವೂ ಹರಳನ್ನು ಉದುರಿಸುತ್ತವೆ. ಎಲ್ಲವೂ ಸರಿಯಿದ್ದಾಗಲೂ ಬಿಟ್ಟ ಹರಳುಗಳೆಲ್ಲ ಕಾಯಿಯಾಗುವುದಿಲ್ಲ. ಆದರೆ ನೀರು ಗೊಬ್ಬರಗಳಿಗೆ ಹಣ ಸುರಿದು, ಪರಾಗ ತಲುಪಿಸುವವಳನ್ನು ತೋಟದಿಂದ ಓಡಿಸಿದರೆ, ಆ ಖರ್ಚಿನ ಒಂದು ಪಾಲು ಹರಳಿನೊಂದಿಗೆ ನೆಲಕ್ಕೆ ಬೀಳುತ್ತದೆ.

ಈ ಸೀಮೆಯ ನಾಲ್ಕು ಜೇನುಗಳು

ಮಕ್ಕಳೇ, ಜೇನು ಎಂದೊಡನೆ ಒಂದೇ ಬಗೆಯ ನೊಣವನ್ನು ನೆನೆಯಬೇಡಿರಿ. ನಿಮ್ಮ ಊರಿನ ಸುತ್ತ ನಾಲ್ಕು ಬಗೆಯವನ್ನು ಹುಡುಕಬಹುದು.

ಮೊದಲನೆಯದು ಹೆಜ್ಜೇನು. ಇದು ಎಲ್ಲಕ್ಕಿಂತ ದೊಡ್ಡದು. ಎತ್ತರದ ಆಲದ ಕೊಂಬೆ, ಬಂಡೆಯ ಚಾಚು, ನೀರಿನ ಮೇಲ್ತೊಟ್ಟಿಯ ಅಡಿಭಾಗ ಮೊದಲಾದ ಕಡೆ ಒಂದೇ ಒಂದು ದೊಡ್ಡ ಎರಿಯನ್ನು ಬಯಲಿನಲ್ಲೇ ಕಟ್ಟುತ್ತದೆ. ಬೆಳದಿಂಗಳ ರಾತ್ರಿಯಲ್ಲೂ ಹೂವಿಗೆ ಹೋಗಬಲ್ಲ ಜೇನು ಇದು. ಇದನ್ನು ಸಾಕಲು ಆಗುವುದಿಲ್ಲ.

ಎರಡನೆಯದು ತುಡುವೆ ಜೇನು. ಮರದ ಪೊಟರೆ, ಹಳೆಯ ಗೋಡೆಯ ಸಂದು, ಹುತ್ತ ಮೊದಲಾದ ಕತ್ತಲೆಯ ತಾಣಗಳಲ್ಲಿ ಹಲವು ಎರಿಗಳನ್ನು ಸಾಲಾಗಿ ಕಟ್ಟುತ್ತದೆ. ಕತ್ತಲೆಯಲ್ಲಿ ಬಾಳುವ ಈ ಸ್ವಭಾವದಿಂದಾಗಿಯೇ ಇದನ್ನು ಪೆಟ್ಟಿಗೆಯಲ್ಲಿ ಸಾಕಬಹುದು.

ಮೂರನೆಯದು ಕೋಲುಜೇನು. ಕೆಲವರು ಕಡ್ಡಿ ಜೇನು ಎನ್ನುವರು. ಪೊದೆಯ ಸಣ್ಣ ಕಡ್ಡಿಯನ್ನು ಸುತ್ತಿ ಅಂಗೈಯಗಲದ ಒಂದೇ ಎರಿ ಕಟ್ಟುತ್ತದೆ. ಬೇಲಿ ಸವರುವಾಗ ಕಣ್ಣಿಗೆ ಬೀಳುವುದು ಹೆಚ್ಚಾಗಿ ಇದೇ.

ನಾಲ್ಕನೆಯದು ಮುಜಂಟಿ. ನಸರಿ ಎಂಬ ಹೆಸರೂ ಉಂಟು. ಇರುವೆಗಿಂತ ಸ್ವಲ್ಪವೇ ದೊಡ್ಡದಾದ ಈ ಕಪ್ಪು ಜೇನಿಗೆ ಚುಚ್ಚುವ ಕೊಂಡಿಯಿಲ್ಲ. ಗೋಡೆಯ ಬಿರುಕಿನಿಂದ ಅಂಟಿನ ಪುಟ್ಟ ಕೊಳವೆಯೊಂದು ಹೊರಚಾಚಿದ್ದರೆ ಅದು ಮುಜಂಟಿಯ ಬಾಗಿಲು. ಸುಣ್ಣ ಬಳಿಯುವಾಗ ಆ ಕೊಳವೆಯನ್ನು ಮುಚ್ಚದೆ ಬಿಡುವುದು ದೊಡ್ಡ ಉಪಕಾರ.

ಇವಲ್ಲದೆ ಮೆಲ್ಲಿಫೆರಾ ಎಂಬ ಯುರೋಪಿನ ಜೇನನ್ನೂ ಪೆಟ್ಟಿಗೆಯಲ್ಲಿ ಸಾಕುವವರಿದ್ದಾರೆ. ಅದು 1962ರ ನಂತರ ಉತ್ತರ ಭಾರತದಲ್ಲಿ ನೆಲೆಯೂರಿ ಅನಂತರ ಇತ್ತ ಬಂದದ್ದು.

ಗೂಡಿನ ಒಳಗೆ

ಒಂದು ಜೇನು ಕುಟುಂಬದಲ್ಲಿ ರಾಣಿ ಒಂದೇ. ಗಂಡು ಜೇನುಗಳು ಕೆಲವು. ಉಳಿದ ಸಾವಿರಾರು ನೊಣಗಳೆಲ್ಲ ಕೆಲಸಗಾರ್ತಿಯರು. ರಾಣಿಯೂ ಕೆಲಸಗಾರ್ತಿಯೂ ಒಂದೇ ಬಗೆಯ ಮೊಟ್ಟೆಯಿಂದ ಹುಟ್ಟುವರು. ಮರಿಹುಳುವಿಗೆ ಸಿಕ್ಕ ಆಹಾರವೇ ಯಾರು ರಾಣಿಯಾಗಬೇಕೆಂಬುದನ್ನು ನಿರ್ಧರಿಸುತ್ತದೆ.

ಕೆಲಸಗಾರ್ತಿಯು ಹುಟ್ಟಿದ ಮೊದಲ ದಿನಗಳಲ್ಲಿ ಗೂಡಿನ ಕೋಣೆಗಳನ್ನು ಸ್ವಚ್ಛಗೊಳಿಸುತ್ತದೆ. ಆಮೇಲೆ ಮರಿಗಳಿಗೆ ಉಣಿಸುತ್ತದೆ. ಮುಂದೆ ತನ್ನ ಹೊಟ್ಟೆಯ ಅಡಿಯಿಂದ ಒಸರುವ ಮೇಣದಿಂದ ಎರಿ ಕಟ್ಟುತ್ತದೆ. ಬಾಗಿಲು ಕಾಯುತ್ತದೆ. ಬದುಕಿನ ಕೊನೆಯ ವಾರಗಳಲ್ಲಿ ಹೂವಿಗೆ ಹೋಗುತ್ತದೆ. ಎರಿಯ ಕೋಣೆಗಳು ಆರು ಮೂಲೆಯವಾಗಿರುವುದನ್ನು ಗಮನಿಸಿರಿ. ಒಂದು ಜಾಗವನ್ನು ಸಮನಾದ ಕೋಣೆಗಳಾಗಿ ಅತಿ ಕಡಿಮೆ ಗೋಡೆಯಿಂದ ವಿಂಗಡಿಸುವ ಆಕಾರ ಇದೇ ಎಂಬುದನ್ನು ಗಣಿತಜ್ಞರು ಸಂಪೂರ್ಣವಾಗಿ ಸಾಧಿಸಿ ತೋರಿಸಿದ್ದು 1999ರಲ್ಲಿ. ಮೇಣ ತಯಾರಿಸಲು ಜೇನುತುಪ್ಪವನ್ನೇ ತಿನ್ನಬೇಕಾದ ಜೇನಿಗೆ ಗೋಡೆಯ ಉಳಿತಾಯ ಎಂದರೆ ಅನ್ನದ ಉಳಿತಾಯ.

ಒಳ್ಳೆಯ ಹೂವು ಸಿಕ್ಕಿದ ಜೇನು ಗೂಡಿಗೆ ಮರಳಿ ಕುಣಿದು ತೋರಿಸುತ್ತದೆ. ಹೊಟ್ಟೆಯನ್ನು ಅಲ್ಲಾಡಿಸುತ್ತಾ ನೇರವಾಗಿ ಓಡಿ, ಸುತ್ತಿ ಬಂದು, ಮತ್ತೆ ಓಡುತ್ತದೆ. ತುಡುವೆಯ ಗೂಡಿನ ಕತ್ತಲೆಯಲ್ಲಿ ಆ ಓಟವು ನೇರ ಮೇಲ್ಮುಖವಾಗಿದ್ದರೆ ಹೂವು ಸೂರ್ಯನಿರುವ ದಿಕ್ಕಿನಲ್ಲಿದೆ ಎಂದರ್ಥ. ಎಷ್ಟು ಓರೆಯಾಗಿದ್ದರೆ ಸೂರ್ಯನಿಂದ ಅಷ್ಟು ಓರೆಗೆ ಹೋಗಬೇಕು. ಓಟ ಎಷ್ಟು ಹೊತ್ತು ನಡೆಯುತ್ತದೆ ಎಂಬುದರಲ್ಲಿ ದೂರದ ಸೂಚನೆಯಿದೆ. ಈ ಕುಣಿತದ ಅರ್ಥವನ್ನು ಬಿಡಿಸಿದ ಕಾರ್ಲ್ ಫಾನ್ ಫ್ರಿಶ್ ಅವರಿಗೆ 1973ರಲ್ಲಿ ನೊಬೆಲ್ ಪುರಸ್ಕಾರ ಸಂದಿತು.

ತುಡುವೆ ಜೇನಿನ ಹಾರಾಟ ಹೆಚ್ಚಾಗಿ ಗೂಡಿನಿಂದ ಸುಮಾರು ಒಂದು ಕಿಲೋಮೀಟರ್ ಒಳಗೇ ನಡೆಯುತ್ತದೆ. ಹೆಜ್ಜೇನು ಅದಕ್ಕಿಂತ ಬಹು ದೂರ ಹೋಗುತ್ತದೆ. ಹಿರಿಯ ತರಗತಿಯ ಮಕ್ಕಳು ಒಂದು ಲೆಕ್ಕ ಮಾಡಿರಿ. ಒಂದು ಕಿಲೋಮೀಟರ್ ತ್ರಿಜ್ಯದ ವೃತ್ತದ ವಿಸ್ತೀರ್ಣ 3.14 ಚದರ ಕಿಲೋಮೀಟರ್. ಅಂದರೆ 314 ಹೆಕ್ಟೇರ್, ಹತ್ತಿರ ಹತ್ತಿರ 775 ಎಕರೆ. ಒಂದು ತುಡುವೆ ಕುಟುಂಬದ ಮನೆಯಂಗಳ ಇಷ್ಟು ದೊಡ್ಡದು. ಅದರಲ್ಲಿ ಎಷ್ಟು ಮಂದಿಯ ತೋಟಗಳು ಬರುತ್ತವೆ ಎಂದು ಅಪ್ಪನನ್ನು ಕೇಳಿರಿ. ಒಬ್ಬರ ಮನೆಯ ಹಿತ್ತಿಲಿನಲ್ಲಿರುವ ಜೇನು ಆ ಎಲ್ಲರ ತೋಟಕ್ಕೂ ದುಡಿಯುತ್ತದೆ. ಆ ವೃತ್ತದೊಳಗೆ ಒಬ್ಬರು ಹೊಡೆದ ವಿಷ ಎಲ್ಲರ ಜೇನನ್ನೂ ಕೊಲ್ಲುತ್ತದೆ. ಜೇನಿಗೆ ಸರ್ವೆ ನಂಬರಿನ ಎಲ್ಲೆಕಲ್ಲು ಗೊತ್ತಿಲ್ಲ.

ಮಕರಂದವು ಜೇನುತುಪ್ಪವಾಗುವ ಬಗೆ

ಹೂವಿನ ಮಕರಂದವು ಸಕ್ಕರೆಯ ತೆಳುವಾದ ನೀರು. ಜೇನು ಅದನ್ನು ಹೊಟ್ಟೆಯೊಳಗಿನ ಪ್ರತ್ಯೇಕ ಚೀಲದಲ್ಲಿ ತುಂಬಿಕೊಂಡು ಬಂದು ಗೂಡಿನಲ್ಲಿರುವ ಜೇನುಗಳಿಗೆ ಒಪ್ಪಿಸುತ್ತದೆ. ಬಾಯಿಂದ ಬಾಯಿಗೆ ಸಾಗುವಾಗ ಜೇನಿನ ದೇಹದ ಕಿಣ್ವಗಳು ಬೆರೆತು ಸಕ್ಕರೆಯು ಗ್ಲುಕೋಸ್ ಮತ್ತು ಫ್ರಕ್ಟೋಸ್‌ಗಳಾಗಿ ಒಡೆಯುತ್ತದೆ. ಅನಂತರ ಅದನ್ನು ಕೋಣೆಗಳಲ್ಲಿ ತುಂಬಿ, ಸಾವಿರಾರು ಜೇನುಗಳು ರೆಕ್ಕೆ ಬೀಸಿ ನೀರನ್ನು ಆರಿಸುತ್ತವೆ. ಸಾಕಷ್ಟು ಗಟ್ಟಿಯಾದಾಗ ಮೇಣದ ಮುಚ್ಚಳ ಹಾಕುತ್ತವೆ. ಹಪ್ಪಳ, ಸಂಡಿಗೆಗಳನ್ನು ಬಿಸಿಲಿಗೆ ಒಣಗಿಸಿ ಡಬ್ಬಿಗೆ ತುಂಬುವ ಮನೆಯವರಿಗೆ ಈ ಜಾಣ್ಮೆ ಅಪರಿಚಿತವಲ್ಲ. ನೀರಿನಂಶ ಕಡಿಮೆಯಾದರೆ ಹುಳಿಯುವುದಿಲ್ಲ. ಮಾರಾಟದ ಜೇನುತುಪ್ಪದಲ್ಲಿ ನೀರಿನಂಶ ಶೇಕಡ 20ನ್ನು ಮೀರಬಾರದೆಂದು ಆಹಾರ ಗುಣಮಟ್ಟದ ನಿಯಮ ಹೇಳುವುದೂ ಇದಕ್ಕಾಗಿ.

ಯುರೋಪಿನ ಜೇನೊಂದು ತನ್ನ ಇಡೀ ಬಾಳಿನಲ್ಲಿ ಮಾಡುವ ತುಪ್ಪ ಒಂದು ಸಣ್ಣ ಚಮಚದ ಸುಮಾರು ಹನ್ನೆರಡನೆಯ ಒಂದು ಭಾಗವೆಂದು ಅಂದಾಜು. ತುಡುವೆ ಅದಕ್ಕಿಂತಲೂ ಚಿಕ್ಕ ಜೇನು. ರೊಟ್ಟಿಯ ಮೇಲೆ ಸುರಿದುಕೊಳ್ಳುವ ಒಂದು ಚಮಚದ ಹಿಂದೆ ಎಷ್ಟು ಬಾಳುಗಳಿವೆ ಎಂಬುದನ್ನು ಮಕ್ಕಳು ತಾವೇ ಎಣಿಸಬಹುದು.

ಮನೆಯವರಿಗೆ ಈ ಸಂದರ್ಭದಲ್ಲಿ ಮೂರು ಮಾತುಗಳು.

ಒಂದು, ಜೇನುತುಪ್ಪ ಹರಳುಗಟ್ಟಿದರೆ ಅದು ಕಲಬೆರಕೆ ಎಂದು ಚೆಲ್ಲಬೇಡಿರಿ. ಗ್ಲುಕೋಸ್ ಹೆಚ್ಚಿರುವ ಶುದ್ಧ ತುಪ್ಪವೂ ಹರಳುಗಟ್ಟುತ್ತದೆ. ಸೀಸೆಯನ್ನು ಬೆಚ್ಚನೆಯ ನೀರಿನಲ್ಲಿಟ್ಟರೆ ಕರಗುತ್ತದೆ. ನೀರಿಗೆ ಹಾಕಿ ನೋಡುವುದು, ಬತ್ತಿ ಅದ್ದಿ ಹೊತ್ತಿಸುವುದು, ಇರುವೆ ಮುತ್ತುವುದೇ ಎಂದು ಕಾಯುವುದು ಇವಾವುವೂ ನಂಬುವಂಥ ಪರೀಕ್ಷೆಗಳಲ್ಲ. ನಿಜವಾದ ಪರೀಕ್ಷೆ ಪ್ರಯೋಗಾಲಯದಲ್ಲಿ ಮಾತ್ರ ಸಾಧ್ಯ.

ಎರಡು, ಎರಿಯನ್ನು ಇಡಿಯಾಗಿ ಕಿತ್ತು ಹಿಂಡಿದ ತುಪ್ಪದಲ್ಲಿ ಮರಿಹುಳುಗಳ ರಸವೂ ಸೇರಿರುತ್ತದೆ. ಅದು ಬೇಗ ಕೆಡುತ್ತದೆ, ಕುಟುಂಬವೂ ನಾಶವಾಗುತ್ತದೆ. ಪೆಟ್ಟಿಗೆಯ ತುಪ್ಪದ ಎರಿಯನ್ನು ಯಂತ್ರದಲ್ಲಿ ತಿರುಗಿಸಿ ತೆಗೆದರೆ ಎರಿ ಉಳಿಯುತ್ತದೆ, ಮರಿಗಳಿಗೆ ಹಾನಿಯಿಲ್ಲ.

ಮೂರನೆಯ ಮಾತು ತಾಯಂದಿರಿಗೆ ಮತ್ತು ಅಜ್ಜಿಯರಿಗೆ. ಹುಟ್ಟಿದ ಕೂಸಿನ ನಾಲಿಗೆಗೆ ಜೇನುತುಪ್ಪ ಸವರುವ ರೂಢಿ ಅನೇಕ ಮನೆಗಳಲ್ಲಿದೆ. ಪ್ರೀತಿಯಿಂದ ಮಾಡುವ ಕೆಲಸವಾದರೂ ಇದನ್ನು ನಿಲ್ಲಿಸಬೇಕು. ಜೇನುತುಪ್ಪದಲ್ಲಿ ಬಾಟುಲಿಸಂ ಎಂಬ ಕಾಯಿಲೆಯ ಬೀಜಾಣುಗಳು ಇರಬಹುದು. ದೊಡ್ಡವರ ಕರುಳು ಅವನ್ನು ತಡೆಯುತ್ತದೆ. ಎಳೆಗೂಸಿನ ಕರುಳಿನಲ್ಲಿ ಅವು ಮೊಳೆತು ವಿಷವನ್ನುಂಟುಮಾಡಿದರೆ ಮಗುವಿನ ಸ್ನಾಯುಗಳು ಸೋತು, ಉಸಿರಾಟಕ್ಕೂ ತೊಂದರೆಯಾಗುತ್ತದೆ. ಮನೆಯಲ್ಲಿ ಕಾಯಿಸುವುದರಿಂದ ಆ ಬೀಜಾಣು ಸಾಯುವುದಿಲ್ಲ. ಶುದ್ಧ ತುಪ್ಪ, ಊರಿನದೇ ತುಪ್ಪ ಎಂಬ ಭರವಸೆಯೂ ಇಲ್ಲಿ ನೆರವಾಗದು. ಆದುದರಿಂದ ಒಂದು ವರ್ಷ ತುಂಬುವವರೆಗೆ ಮಗುವಿಗೆ ಜೇನುತುಪ್ಪ ಬೇಡ. ಮೊದಲ ಆರು ತಿಂಗಳು ತಾಯಿಯ ಹಾಲು ಮಾತ್ರ ಸಾಕು. ವರ್ಷ ತುಂಬಿದ ಮೇಲೆ ಅದೇ ಮಗು ಜೇನಿನ ರುಚಿಯನ್ನು ನಿರಾತಂಕವಾಗಿ ನೋಡಲಿ.

ವರ್ಷವಿಡೀ ಊಟ ಸಿಗಬೇಕು

ತೆಂಗು ಜೇನಿಗೆ ದೊಡ್ಡ ಆಸರೆ. ಒಳ್ಳೆಯ ಮರವೊಂದು ಹೆಚ್ಚು ಕಡಿಮೆ ತಿಂಗಳಿಗೊಂದು ಹೊಂಬಾಳೆ ಬಿಡುವುದರಿಂದ, ಬೇಸಗೆಯಲ್ಲೂ ತೋಟದ ಯಾವುದೋ ಒಂದು ಮರದಲ್ಲಿ ಹೂವು ಇದ್ದೇ ಇರುತ್ತದೆ. ಆದರೆ ದಿನವೂ ಒಂದೇ ಅಡುಗೆಯನ್ನು ಉಂಡು ಬೆಳೆಯುವ ಮಗು ಹೇಗೆ ಸೊರಗುವುದೋ ಹಾಗೆಯೇ ಒಂದೇ ಗಿಡದ ಪರಾಗವನ್ನು ನೆಚ್ಚಿದ ಜೇನು ಕುಟುಂಬವೂ ಸೊರಗುತ್ತದೆ. ಮರಿಗಳ ಬೆಳವಣಿಗೆಗೆ ಬಗೆಬಗೆಯ ಪರಾಗ ಬೇಕು.

ಹಿರಿಯರಿಗೆ ನೆನಪಿರಬಹುದು. ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಎಂದು ಹುಚ್ಚೆಳ್ಳು, ಅವರೆ, ತೊಗರಿ, ಜೋಳಗಳನ್ನು ಬಿತ್ತುತ್ತಿದ್ದರು. ಮಳೆಗಾಲ ಮುಗಿಯುವ ಹೊತ್ತಿಗೆ ಹುಚ್ಚೆಳ್ಳಿನ ಹಳದಿ ಹೂವು ಹೊಲದ ತುಂಬ ನಿಲ್ಲುತ್ತಿತ್ತು. ಜೇನಿಗೆ ಅದಕ್ಕಿಂತ ದೊಡ್ಡ ಹಬ್ಬವಿಲ್ಲ. ಮುಂಗಾರಿನ ಹೆಸರುಕಾಳಿನ ಹೊಲ, ಬದುವಿನ ಹೊಂಗೆ, ಬೇವು, ಹುಣಸೆ, ನೇರಳೆ, ಹೊಲದಂಚಿನ ತುಂಬೆ ಇವು ಒಂದರ ಹಿಂದೆ ಒಂದು ಸರದಿಯಂತೆ ಹೂ ಬಿಡುತ್ತಿದ್ದವು. ರಾಗಿ ಹೊಲಗಳು ತೆಂಗು ಅಡಿಕೆ ತೋಟಗಳಾದಂತೆ, ಜೀವಂತ ಬೇಲಿಯ ಜಾಗಕ್ಕೆ ಕಲ್ಲುಕಂಬ ತಂತಿ ಬಂದಂತೆ, ತೋಟದ ನೆಲವನ್ನು ಹುಲ್ಲುಕಡ್ಡಿಯಿಲ್ಲದಂತೆ ಉತ್ತು ಇಟ್ಟಂತೆ ಆ ಸರದಿಯ ನಡುವೆ ಹಸಿವಿನ ತಿಂಗಳುಗಳು ಹುಟ್ಟಿಕೊಂಡವು.

ಇದನ್ನು ಸರಿಪಡಿಸಲು ತೋಟವನ್ನು ಕಡಿಯಬೇಕಾಗಿಲ್ಲ. ಬೇಲಿಯ ಸಾಲಿನಲ್ಲಿ ಗ್ಲಿರಿಸೀಡಿಯಾ ಮತ್ತು ಹೊಂಗೆ ಇರಲಿ. ಅವು ಹೂವನ್ನೂ ಕೊಡುತ್ತವೆ, ತೋಟಕ್ಕೆ ಹಸಿರೆಲೆ ಗೊಬ್ಬರವನ್ನೂ ಕೊಡುತ್ತವೆ. ಹಿತ್ತಿಲಲ್ಲಿ ನುಗ್ಗೆ ಇರಲಿ. ಮರಗಳ ಸಾಲಿನ ನಡುವೆ ಒಂದು ಪಟ್ಟಿ ಹುಚ್ಚೆಳ್ಳು ಅಥವಾ ಅಲಸಂದೆ ಬಿತ್ತಿದರೆ ಅಡುಗೆಮನೆಗೂ ಆಯಿತು, ಜೇನಿಗೂ ಆಯಿತು.

1991ರ ಪಾಠ

ಜೇನು ಎಂದಿಗೂ ಇರುತ್ತದೆ ಎಂಬ ಭರವಸೆ ಎಷ್ಟು ಸುಳ್ಳಾಗಬಹುದು ಎಂಬುದಕ್ಕೆ ಕರ್ನಾಟಕದಲ್ಲೇ ಉದಾಹರಣೆಯಿದೆ. ಜೇನು ಸಾಕಾಣಿಕೆಯಲ್ಲಿ ಕೊಡಗು ಬಹು ಹಿಂದಿನಿಂದ ಹೆಸರುವಾಸಿ. ವಿರಾಜಪೇಟೆಯಲ್ಲಿ ಜೇನು ಮತ್ತು ಮೇಣ ಉತ್ಪಾದಕರ ಸಹಕಾರ ಸಂಘ 1936ರಲ್ಲೇ ಸ್ಥಾಪನೆಯಾಯಿತು. ಕೊಡಗಿನಲ್ಲೂ ಮಲೆನಾಡು ಕರಾವಳಿಗಳಲ್ಲೂ ಸಾವಿರಾರು ಮನೆಗಳ ಅಂಗಳದಲ್ಲಿ ತುಡುವೆ ಪೆಟ್ಟಿಗೆಗಳಿದ್ದವು. 1991ರ ಹೊತ್ತಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಬಂದಿತು. ಮರಿಹುಳುಗಳು ನೀರು ತುಂಬಿದ ಚೀಲದಂತಾಗಿ ಕೋಣೆಯಲ್ಲೇ ಸಾಯತೊಡಗಿದವು. ಒಂದೆರಡು ವರ್ಷಗಳಲ್ಲಿ ದಕ್ಷಿಣ ಭಾರತದ ತುಡುವೆ ಕುಟುಂಬಗಳಲ್ಲಿ ಬಹುಪಾಲು ನಾಶವಾದವು. ತುಂಬಿದ್ದ ಪೆಟ್ಟಿಗೆಗಳು ಖಾಲಿಯಾದವು. ಆ ರೋಗಕ್ಕೆ ಔಷಧಿ ಇರಲಿಲ್ಲ. ಕಾಡಿನಲ್ಲೂ ಪೊಟರೆಗಳಲ್ಲೂ ರೋಗವನ್ನು ತಡೆದುಕೊಂಡು ಉಳಿದ ಕೆಲವು ಕುಟುಂಬಗಳಿಂದಲೇ ಮತ್ತೆ ಜೇನಿನ ಸಂತತಿ ನಿಧಾನವಾಗಿ ಚೇತರಿಸಿಕೊಂಡಿತು.

ಇದರಿಂದ ಎರಡು ಪಾಠಗಳಿವೆ. ದೂರದ ಊರುಗಳಿಂದ ಪರೀಕ್ಷಿಸದೆ ಜೇನು ಪೆಟ್ಟಿಗೆಗಳನ್ನು ತರಬಾರದು. ಊರಿನ ಪೊಟರೆಯಲ್ಲಿ, ಹುತ್ತದಲ್ಲಿ ತಾನಾಗಿ ಬಾಳುತ್ತಿರುವ ಜೇನನ್ನು ನಿರುಪಯುಕ್ತವೆಂದು ಕೆಡಿಸಬಾರದು. ಮುಂದೊಂದು ದಿನ ಬಿತ್ತನೆ ಬೀಜದಂತೆ ಉಳಿಯುವುದು ಅದೇ.

ಶಾಲೆಯ ಮರದ ಹೆಜ್ಜೇನು

ಗ್ರಾಮ ಪಂಚಾಯಿತಿ ಕಚೇರಿಗೆ ಬರುವ ಅರ್ಜಿಗಳಲ್ಲಿ ಹೆಜ್ಜೇನಿನ ಅರ್ಜಿಯೂ ಒಂದು. ಶಾಲೆಯ ಮರದಲ್ಲಿ, ನೀರಿನ ಮೇಲ್ತೊಟ್ಟಿಯಲ್ಲಿ ಅಥವಾ ದೇವಸ್ಥಾನದ ಗೋಪುರದಲ್ಲಿ ಹೆಜ್ಜೇನು ಕಟ್ಟಿದೆ, ಮಕ್ಕಳಿಗೆ ಅಪಾಯವಿದೆ, ಕೂಡಲೇ ತೆಗೆಸಿಕೊಡಬೇಕು ಎಂಬುದು ಅದರ ಒಕ್ಕಣೆ. ಈ ಭಯವನ್ನು ಹಗುರವಾಗಿ ಕಾಣುವಂತಿಲ್ಲ. ಕೆರಳಿದ ಹೆಜ್ಜೇನು ಹಿಂಡಾಗಿ ಎರಗಿದರೆ ಪ್ರಾಣಕ್ಕೇ ಅಪಾಯ.

ಆದರೆ ಅರ್ಜಿಯ ಬೆನ್ನಿಗೇ ನಡೆಯುವ ಕೆಲಸ ಅನೇಕ ವೇಳೆ ಅಪಾಯವನ್ನು ಹೆಚ್ಚಿಸುತ್ತದೆ. ರಾತ್ರಿ ಪಂಜು ಹಿಡಿದು ಸುಡುತ್ತಾರೆ. ಸುಟ್ಟ ಜೇನುಗಳು ರಾಶಿಯಾಗಿ ಉದುರುತ್ತವೆ. ತಪ್ಪಿಸಿಕೊಂಡವು ಕೆರಳಿ ಬೆಳಗಾದ ಮೇಲೂ ಅದೇ ಸುತ್ತಿನಲ್ಲಿ ಹಾರಾಡುತ್ತಿರುತ್ತವೆ. ಅದೇ ಹೊತ್ತಿಗೆ ಮಕ್ಕಳು ಶಾಲೆಗೆ ಬರುತ್ತಾರೆ. ಕೆಲವರು ಕೀಟನಾಶಕ ಸಿಂಪಡಿಸಿ, ಆಮೇಲೆ ಆ ತುಪ್ಪವನ್ನೇ ಹಂಚಿಕೊಳ್ಳುವುದೂ ಉಂಟು. ಅದು ವಿಷವನ್ನು ಮನೆಗೆ ಒಯ್ದಂತೆ.

ಹೆಜ್ಜೇನು ವಲಸೆಯ ಜೇನು. ಹೂವು ಹೆಚ್ಚಿರುವ ತಿಂಗಳುಗಳಲ್ಲಿ ಬರುತ್ತದೆ, ಹೂವು ಇಳಿದಾಗ ಎರಿಯನ್ನು ಬಿಟ್ಟು ತಾನಾಗಿ ಹೋಗುತ್ತದೆ. ಎಷ್ಟೋ ಕಡೆ ಮರುವರ್ಷ ಅದೇ ಮರಕ್ಕೆ ಮರಳುತ್ತದೆ. ಕೆಣಕದಿದ್ದರೆ ಎತ್ತರದಲ್ಲಿರುವ ಗೂಡು ಸಾಮಾನ್ಯವಾಗಿ ಯಾರ ತಂಟೆಗೂ ಬರುವುದಿಲ್ಲ. ಆದುದರಿಂದ ಮೊದಲು ಮಾಡಬೇಕಾದದ್ದು ಇಷ್ಟು. ಮರದ ಕೆಳಗಿನ ಜಾಗಕ್ಕೆ ಹಗ್ಗ ಕಟ್ಟಿ ಎಚ್ಚರಿಕೆಯ ಫಲಕ ಹಾಕುವುದು. ಪ್ರಾರ್ಥನೆ ಮತ್ತು ಆಟವನ್ನು ಶಾಲೆಯ ಬೇರೆ ಬದಿಗೆ ಬದಲಾಯಿಸುವುದು. ಹತ್ತಿರದಲ್ಲಿ ಪಟಾಕಿ ಸಿಡಿಸದಿರುವುದು, ಕಸ ಸುಟ್ಟು ಹೊಗೆ ಎಬ್ಬಿಸದಿರುವುದು, ಕಲ್ಲು ಎಸೆಯದಿರುವುದು. ಗೂಡು ಬಾಗಿಲಿಗೆ ಅಥವಾ ನಡೆದಾಡುವ ದಾರಿಗೆ ತೀರ ಸಮೀಪವಿದ್ದು ತೆಗೆಯಲೇಬೇಕಾದಲ್ಲಿ, ತರಬೇತಿ ಮತ್ತು ರಕ್ಷಣಾ ಉಡುಪು ಉಳ್ಳವರಿಂದಲೇ, ರಜೆಯ ದಿನದಲ್ಲಿ ಆ ಕೆಲಸವಾಗಬೇಕು.

ಜೇನು ಎರಗಿದರೆ ಏನು ಮಾಡಬೇಕು? ಮುಖ ಮತ್ತು ತಲೆಯನ್ನು ಬಟ್ಟೆಯಿಂದ ಮುಚ್ಚಿಕೊಂಡು ಓಡಿ ಕೊಠಡಿಯೊಳಗೆ ಸೇರಿ ಬಾಗಿಲು ಹಾಕಿಕೊಳ್ಳಿರಿ. ಕೈ ಬೀಸಿ ಹೊಡೆಯಬೇಡಿರಿ. ಚುಚ್ಚಿದ ಜೇನು ಬಿಡುವ ವಾಸನೆ ಇತರ ಜೇನುಗಳನ್ನು ಕರೆಯುತ್ತದೆ. ನೀರಿಗೆ ಧುಮುಕಬೇಡಿರಿ, ತಲೆ ಎತ್ತುವವರೆಗೂ ಅವು ಮೇಲೆ ಹಾರಾಡುತ್ತಿರುತ್ತವೆ. ಮೈಯಲ್ಲಿ ಉಳಿದ ಕೊಂಡಿಯನ್ನು ಉಗುರಿನಿಂದ ಕೂಡಲೇ ಕೆರೆದು ತೆಗೆಯಿರಿ, ತಣ್ಣೀರಿನ ಬಟ್ಟೆ ಇಡಿರಿ. ಉಸಿರು ಕಟ್ಟಿದರೆ, ಮುಖ ಅಥವಾ ಗಂಟಲು ಊದಿಕೊಂಡರೆ, ತಲೆ ಸುತ್ತಿದರೆ ಅಥವಾ ಹಲವಾರು ಜೇನುಗಳು ಚುಚ್ಚಿದ್ದರೆ ಮನೆಮದ್ದು ಮಾಡುತ್ತಾ ಕೂರದೆ 108ಕ್ಕೆ ಕರೆ ಮಾಡಿರಿ.

ತೋಟದಲ್ಲಿ ಮಾಡಬಹುದಾದ ಕೆಲಸಗಳು

ಕಪ್ಪುತಲೆ ಹುಳು, ನುಸಿ, ಬಿಳಿನೊಣಗಳ ಬಾಧೆಯನ್ನು ಈ ಸೀಮೆಯ ರೈತರು ಅನುಭವಿಸಿದ್ದಾರೆ. ಮರ ಒಣಗುವುದನ್ನು ನೋಡುತ್ತಾ ಕೂರಿರೆಂದು ಯಾರೂ ಹೇಳಲಾರರು. ಆದರೆ ಬೇರಿನ ಮೂಲಕ ಉಣಿಸುವ ಕೀಟನಾಶಕವು ಮರದ ರಸದೊಂದಿಗೆ ಮೇಲೇರುತ್ತದೆ. ಹೂವಿಗೂ ತಲುಪಬಹುದು ಎಂಬುದನ್ನು ಮರೆಯಬಾರದು. ಕಪ್ಪುತಲೆ ಹುಳುವಿಗೆ ಗೋನಿಯೋಜಸ್ ಎಂಬ ಪರೋಪಜೀವಿ ಕಣಜವನ್ನು ತೋಟಕ್ಕೆ ಬಿಡುವ ಜೈವಿಕ ವಿಧಾನವಿದೆ. ಮೊದಲು ಅದನ್ನು ವಿಚಾರಿಸಿರಿ. ತೋಟದ ಕೆಳಗಿನ ಬೆಳೆಗಳಿಗೆ ಸಿಂಪಡಣೆ ಅನಿವಾರ್ಯವಾದರೆ ಹೂ ಬಿಟ್ಟಿರುವ ದಿನಗಳನ್ನು ತಪ್ಪಿಸಿ, ಜೇನು ಗೂಡಿಗೆ ಮರಳಿದ ಸಂಜೆಯ ಹೊತ್ತಿನಲ್ಲಿ ಮಾಡಿರಿ. ಸುತ್ತಲ ತೋಟಗಳಲ್ಲಿ ಪೆಟ್ಟಿಗೆ ಇಟ್ಟವರಿದ್ದರೆ ಹಿಂದಿನ ದಿನವೇ ತಿಳಿಸಿರಿ.

ಬೇಸಗೆಯಲ್ಲಿ ಜೇನಿಗೂ ನೀರು ಬೇಕು. ಅಗಲವಾದ ಮಣ್ಣಿನ ತಟ್ಟೆಯಲ್ಲಿ ಬೆಣಚುಕಲ್ಲುಗಳನ್ನು ಹರಡಿ ನೀರು ಹಾಕಿದರೆ ಅವು ಮುಳುಗದೆ ಕುಡಿಯುತ್ತವೆ. ಈ ಕೆಲಸವನ್ನು ಮಕ್ಕಳಿಗೆ ವಹಿಸಬಹುದು.

ಪೆಟ್ಟಿಗೆಯಲ್ಲಿ ಜೇನು ಸಾಕುವ ಆಸೆಯುಳ್ಳವರು ಮೊದಲು ತರಬೇತಿ ಪಡೆಯಬೇಕು. ತಾಲ್ಲೂಕು ತೋಟಗಾರಿಕೆ ಇಲಾಖೆಯ ಕಚೇರಿಯಲ್ಲೂ, ತಿಪಟೂರು ತಾಲ್ಲೂಕಿನ ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲೂ ವಿಚಾರಿಸಬಹುದು. ಕೊಡಗಿನ ಭಾಗಮಂಡಲದಲ್ಲಿ ಜೇನು ಸಾಕಾಣಿಕೆ ತರಬೇತಿ ಕೇಂದ್ರವಿದೆ. ಒಂದು ಅಥವಾ ಎರಡು ಪೆಟ್ಟಿಗೆಗಳಿಂದ ಆರಂಭಿಸಿರಿ. ತುಡುವೆಯಿಂದ ವರ್ಷಕ್ಕೆ ದೊರೆಯುವುದು ಕೆಲವೇ ಕಿಲೋ ತುಪ್ಪ. ತುಪ್ಪದ ಹಣದಿಂದ ಶ್ರೀಮಂತರಾಗುವ ಎಣಿಕೆಯಲ್ಲಿ ಪೆಟ್ಟಿಗೆ ತಂದವರು ಬೇಗ ಕೈಬಿಡುತ್ತಾರೆ. ತೋಟದ ಹರಳು ನಿಲ್ಲಲೆಂದು ತಂದವರಿಗೆ ತುಪ್ಪವು ಮೇಲಿನ ಲಾಭ.

ಮಕ್ಕಳಿಗೊಂದು ಕೆಲಸ

2002ರ ಜೀವವೈವಿಧ್ಯ ಅಧಿನಿಯಮದಂತೆ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಆ ಊರಿನ ಗಿಡ, ಮರ, ಪ್ರಾಣಿ, ಪಕ್ಷಿ, ಕೀಟಗಳ ಮಾಹಿತಿಯುಳ್ಳ ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ಅದರಲ್ಲಿ ಜೇನಿನ ಪುಟವನ್ನು ತುಂಬಲು ಮಕ್ಕಳಿಗಿಂತ ಯೋಗ್ಯರು ಯಾರು?

ಒಂದು ನೋಟ್‌ಪುಸ್ತಕ ಸಾಕು. ಊರಿನ ಯಾವ ಮರದಲ್ಲಿ, ಯಾವ ಗೋಡೆಯಲ್ಲಿ, ಯಾವ ಬಗೆಯ ಜೇನಿದೆ ಎಂದು ದೂರದಿಂದಲೇ ನೋಡಿ ಬರೆಯಿರಿ. ಹೆಜ್ಜೇನು ಯಾವ ತಿಂಗಳು ಬಂದಿತು, ಯಾವ ತಿಂಗಳು ಹೋಯಿತು ಎಂದು ಬರೆಯಿರಿ. ಹೊಂಗೆ, ಹುಣಸೆ, ಬೇವು, ನೇರಳೆ ಯಾವ ವಾರ ಹೂ ಬಿಟ್ಟವು ಎಂದು ಬರೆಯಿರಿ. ಯಾವ ತಿಂಗಳಲ್ಲಿ ಹೂವೇ ಕಾಣಲಿಲ್ಲ ಎಂಬುದನ್ನೂ ಬರೆಯಿರಿ. ಎರಡು ಮೂರು ವರ್ಷ ಹೀಗೆ ಬರೆದರೆ, ಯಾವ ಗಿಡ ನೆಟ್ಟರೆ ಹಸಿವಿನ ತಿಂಗಳು ತುಂಬುವುದೆಂದು ಗ್ರಾಮಸಭೆಗೆ ತಿಳಿಯುತ್ತದೆ. ಶಾಲೆಯ ಮರದ ಹೆಜ್ಜೇನು ಇನ್ನೆಷ್ಟು ವಾರ ಇರುತ್ತದೆ ಎಂಬ ಪ್ರಶ್ನೆಗೆ ನಿಮ್ಮ ಪುಸ್ತಕವೇ ಉತ್ತರ ಹೇಳುತ್ತದೆ. ಆಗ ಪಂಜು ಹಿಡಿಯಲು ಹೊರಟವರನ್ನು ಕೆಲವು ವಾರ ತಡೆದು ನಿಲ್ಲಿಸಲು ದೊಡ್ಡವರ ಬಳಿ ಒಂದು ಆಧಾರವಿರುತ್ತದೆ.

ಇಂದು ಸಂಜೆ ಮನೆಗೆ ಹೋದ ಮೇಲೆ, ಒಡೆದಿರುವ ಹೊಂಬಾಳೆ ಇರುವ ಮರವೊಂದನ್ನು ಗುರುತಿಸಿಟ್ಟುಕೊಳ್ಳಿರಿ. ನಾಳೆ ಬೆಳಗ್ಗೆ ಬಿಸಿಲೇರುವ ಮುನ್ನ ಅದರ ಕೆಳಗೆ ಐದು ನಿಮಿಷ ಸುಮ್ಮನೆ ನಿಂತು ಕಿವಿಗೊಡಿರಿ. ಝೇಂಕಾರ ಕೇಳಿಸಿದರೆ ತಾರೀಕು ಹಾಕಿ ಬರೆದುಕೊಳ್ಳಿರಿ. ಕೇಳಿಸದಿದ್ದರೆ ಅದನ್ನೂ ತಾರೀಕು ಹಾಕಿ ಬರೆದುಕೊಂಡು, ಆ ಪುಟವನ್ನು ಮನೆಯ ಹಿರಿಯರಿಗೆ ತೋರಿಸಿರಿ. ಎರಡು ವರ್ಷಗಳ ಮುಂದಿನ ಕೊಬ್ಬರಿಯ ಲೆಕ್ಕ ಅಲ್ಲಿಂದಲೇ ಆರಂಭ.